ಒಂದೇ ಹೆಸರಿನ ಗ್ರಂಥ, ಬೇರೆ ಬೇರೆ ಮುದ್ರಣ

ಗಣಕಯಂತ್ರದ ಮಾತು ಬಂದಾಗ ಕನ್ನಡ ಪಂಡಿತರು ಸುಮ್ಮನೆ ಕೂಡುವುದು ವಾಡಿಕೆ. ಆದರೆ ಆ ಯಂತ್ರದೊಳಗಿನ ಒಂದು ತೊಡಕು ಮಾತ್ರ, ಗ್ರಂಥಗಳ ಮುದ್ರಣ-ಪರಿಷ್ಕರಣಗಳನ್ನು ಬಲ್ಲವರಿಗೆ ತೀರ ಪರಿಚಿತವಾದದ್ದು. ಅದರ ಸ್ವರೂಪವನ್ನೂ ಅದನ್ನು ಬಿಡಿಸುವ ಕ್ರಮವನ್ನೂ ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಅಮರಗೋಳದಂಥ ಊರಿನ ಒಂದು ಪ್ರೌಢಶಾಲೆಯನ್ನು ಭಾವಿಸಿಕೊಳ್ಳಿರಿ. ಅಲ್ಲಿಯ ಗಣಕಗಳಲ್ಲಿ ೨೦೨೦ರಲ್ಲಿ ಹೊರಬಂದ ಉಬುಂಟು ೨೦.೦೪ ಇದೆ. ಇಂಜಿನಿಯರಿಂಗ್ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಟೆಸರಾಕ್ಟ್ ಎಂಬ ತಂತ್ರಾಂಶವನ್ನು ತನ್ನ ಮನೆಯ ಉಬುಂಟು ೨೨.೦೪ ಗಣಕದಲ್ಲಿ ಸಿದ್ಧಪಡಿಸಿ ಶಾಲೆಗೆ ತಂದುಕೊಟ್ಟನೆನ್ನಿ. ಹಳೆಯ ಕನ್ನಡ ಪುಸ್ತಕದ ಪುಟದ ಚಿತ್ರವನ್ನು ಕೊಟ್ಟರೆ ಅದರಲ್ಲಿಯ ಅಕ್ಷರಗಳನ್ನು ಗುರುತಿಸಿಕೊಡುವ ಸಾಧನವಿದು. ಮನೆಯಲ್ಲಿ ಸೊಗಸಾಗಿ ಓದಿದ ಇದು ಶಾಲೆಯಲ್ಲಿ ಆರಂಭವೇ ಆಗುವುದಿಲ್ಲ. 'ಜಿ-ಲಿಬ್‌ಸಿ ೨.೩೪ ಆವೃತ್ತಿ ಸಿಗಲಿಲ್ಲ' ಎಂಬರ್ಥದ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ. ಕೂಡಲೆ ಒಬ್ಬರು, 'ಈ ಗಣಕಗಳನ್ನು ಗುಜರಿಗೆ ಹಾಕಿರಿ' ಎನ್ನುತ್ತಾರೆ. ಇನ್ನೊಬ್ಬರು, 'ಆ ಹುಡುಗನಿಗೆ ಬರುವುದಿಲ್ಲ' ಎನ್ನುತ್ತಾರೆ. ಬಡ ಶಾಲೆಯ ಗಣಕಕ್ಕೂ ಉತ್ಸಾಹದ ಹುಡುಗನಿಗೂ ಇದರಿಂದ ಅನ್ಯಾಯವಾಗುತ್ತದೆ.

ಹಾಗಾದರೆ ಕಾರಣವೇನು? ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವುದು ಕಂಪೈಲರಿನ ಕೆಲಸ. ೧೯೮೭ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಹೊರತಂದ ಜಿ.ಸಿ.ಸಿ. ಇಂಥದೊಂದು ಕಂಪೈಲರು. ಎಲ್ಲ ತಂತ್ರಾಂಶಗಳಿಗೂ ಬೇಕಾಗುವ ಸಾಮಾನ್ಯ ಕಾರ್ಯಗಳನ್ನು ಒಂದೊಂದರಲ್ಲಿಯೂ ಮತ್ತೆ ತುಂಬುವುದು ವ್ಯರ್ಥವೆಂದು ಅವನ್ನು ಒಂದೆಡೆ ಕೂಡಿಸಿಟ್ಟಿರುತ್ತಾರೆ. ಇದೇ ಸಮಾನ ಗ್ರಂಥಾಲಯ, ಎಂದರೆ ಶೇರ್ಡ್ ಲೈಬ್ರರಿ. ಶಿಕ್ಷಕರ ಕೊಠಡಿಯಲ್ಲಿಟ್ಟ ಒಂದೇ ನಿಘಂಟನ್ನು ಎಲ್ಲರೂ ನೋಡುವಂತೆ ಇದರ ಉಪಯೋಗ.

ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳನ್ನು ಮದರಾಸು ವಿಶ್ವವಿದ್ಯಾಲಯವು ೧೯೬೮ರಿಂದ ೧೯೭೧ರ ವರೆಗೆ ಪ್ರಕಟಿಸಿತು. ಎರಡನ್ನೂ ನಾವು 'ಕಿಟ್ಟೆಲ್' ಎಂದೇ ಕರೆಯುತ್ತೇವೆ. ಹೊಸದನ್ನು ನೋಡಿ ಪಾಠ ಬರೆದವರು 'ಈ ಪದಕ್ಕೆ ಕಿಟ್ಟೆಲ್ ನೋಡಿರಿ' ಎಂದರೆ, ಹಳೆಯದು ಮಾತ್ರ ಇರುವ ಮನೆಯಲ್ಲಿ ಭಟ್ಟರು ಸೇರಿಸಿದ ಪದ ಸಿಗಲಾರದು.

ಜಿ.ಸಿ.ಸಿ.ಯ ಸಿ ಪ್ಲಸ್ ಪ್ಲಸ್ ಗ್ರಂಥಾಲಯದ್ದೂ ಇದೇ ಕಥೆ. ಅದರ ಹೆಸರಿನ ಕೊನೆಯ ೬ ಎಂಬ ಅಂಕೆ ೨೦೦೪ರಿಂದ ಬದಲಾಗಿಲ್ಲ. ಒಳಗಿನ ಮುದ್ರಣಾಂಕ ಮಾತ್ರ ಬೆಳೆಯುತ್ತ ಬಂದಿದೆ. ಜಿ.ಸಿ.ಸಿ. ೧೧ರೊಡನೆ ೩.೪.೨೯, ಜಿ.ಸಿ.ಸಿ. ೧೨ರೊಡನೆ ೩.೪.೩೦ ಬಂದವು. ಉಬುಂಟು ೨೦.೦೪ ನಿಂತದ್ದು ೩.೪.೨೮ಕ್ಕೆ. ಎಲ್ಲಕ್ಕೂ ತಳಹದಿಯಾದ ಜಿ-ಲಿಬ್‌ಸಿ ಅದರಲ್ಲಿ ೨.೩೧, ಉಬುಂಟು ೨೨.೦೪ರಲ್ಲಿ ೨.೩೫. ಆದುದರಿಂದ ಹಳೆಯ ಗಣಕದಲ್ಲಿ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ನಡೆಯುತ್ತದೆ; ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ನಡೆದೀತೆಂಬ ಭರವಸೆಯಿಲ್ಲ. ಹೆಸರಿನ ಕೊನೆಯ ಅಂಕೆಯೇ ಬೇರೆಯಾದರೆ, ಟೆಸರಾಕ್ಟಿನ ೪ ಮತ್ತು ೫ರಂತೆ, ಅವು ಬೇರೆ ಗ್ರಂಥಗಳೆಂದೇ ಭಾವಿಸಬೇಕು.

ಪರೀಕ್ಷೆಯ ಕ್ರಮ ಹೀಗೆ. ಮೊದಲು ತೆರೆಯ ಮೇಲಿನ ಸಾಲನ್ನು ಅಂಕೆ ಬಿಡದೆ ಬರೆದುಕೊಳ್ಳಿರಿ. ಬಳಿಕ 'ಎಲ್.ಡಿ.ಡಿ.' ಎಂಬ ಆಜ್ಞೆಯಿಂದ, ತಂತ್ರಾಂಶವು ಯಾವ ಗ್ರಂಥಾಲಯಗಳನ್ನು ಯಾವ ಕಡತಕೋಶದಿಂದ ತರುತ್ತಿದೆಯೆಂದು ನೋಡಿರಿ. ಅಪರಿಚಿತರು ಕೊಟ್ಟ ತಂತ್ರಾಂಶದ ಮೇಲೆ ಮಾತ್ರ ಈ ಆಜ್ಞೆ ಬೇಡ. ಅದು ತಂತ್ರಾಂಶವನ್ನೇ ನಡೆಸಿಬಿಡುವ ಸಂಭವವುಂಟು. ಅಲ್ಲಿ 'ಆಬ್ಜ್‌ಡಂಪ್' ಸುರಕ್ಷಿತ. ಗ್ರಂಥಾಲಯದೊಳಗೆ ಯಾವ ಮುದ್ರಣಾಂಕಗಳಿವೆಯೆಂಬುದನ್ನು 'ಸ್ಟ್ರಿಂಗ್ಸ್' ತೋರಿಸುತ್ತದೆ. ಕೆಲವೊಮ್ಮೆ ಹೊಸ ಗ್ರಂಥಾಲಯ ಗಣಕದಲ್ಲಿಯೇ ಇದ್ದು, 'ಎಲ್.ಡಿ. ಲೈಬ್ರರಿ ಪಾತ್' ಎಂಬ ಸೂಚನೆಯು ಹಳೆಯದರತ್ತ ಕೈ ತೋರುತ್ತಿರುತ್ತದೆ. ಆ ಸೂಚನೆಯನ್ನು ತೆಗೆದರೆ ಕೆಲಸ ಮುಗಿಯಿತು.

ಪರಿಹಾರಗಳಲ್ಲಿ ಸುಲಭವಾದುದೆಂದರೆ ಆ ಉಬುಂಟುವಿಗೆಂದೇ ಸಿದ್ಧವಾದ ಟೆಸರಾಕ್ಟನ್ನು, ಕನ್ನಡದ ದತ್ತಾಂಶದ ಸಮೇತ, ಅದರ ಅಧಿಕೃತ ಭಂಡಾರದಿಂದ ಹಾಕಿಕೊಳ್ಳುವುದು. ಸ್ವಂತ ತಂತ್ರಾಂಶವಾದರೆ, ಅದು ನಡೆಯಬೇಕಾದ ಗಣಕಗಳಲ್ಲಿ ಎಲ್ಲಕ್ಕಿಂತ ಹಳೆಯದರ ಮೇಲೆ ಕಟ್ಟಬೇಕು. ಸಿ ಪ್ಲಸ್ ಪ್ಲಸ್ ಗ್ರಂಥಾಲಯವನ್ನು ತಂತ್ರಾಂಶದ ಹೊಟ್ಟೆಯಲ್ಲಿಯೇ ಸೇರಿಸಿಬಿಡುವ ಸೌಕರ್ಯವೂ ಜಿ.ಸಿ.ಸಿ.ಯಲ್ಲಿದೆ. ಆದರೆ ಅದರಿಂದ ಜಿ-ಲಿಬ್‌ಸಿಯ ಕೊರತೆ ನೀಗದು.

ಇನ್ನೊಂದು ತೊಡಕು ೨೦೧೫ರ ಜಿ.ಸಿ.ಸಿ. ೫ರಿಂದ ಬಂದುದು. ೨೦೧೧ರ ಹೊಸ ಭಾಷಾನಿಯಮಕ್ಕಾಗಿ ಅಕ್ಷರಮಾಲಿಕೆಯ ಒಳರಚನೆ ಬದಲಾಯಿತು. ಹಳೆಯ ರಚನೆಯಲ್ಲಿ ಕಟ್ಟಿದ ಭಾಗವನ್ನೂ ಹೊಸದರಲ್ಲಿ ಕಟ್ಟಿದ ಭಾಗವನ್ನೂ ಜೋಡಿಸಹೊರಟರೆ, ಇರುವ ಪದವೇ ಇಲ್ಲವೆಂದು ಯಂತ್ರ ಹೇಳುತ್ತದೆ. ಎಲ್ಲ ಭಾಗಗಳನ್ನೂ ಒಂದೇ ಕ್ರಮದಲ್ಲಿ ಮತ್ತೆ ಕಟ್ಟುವುದೇ ಇದಕ್ಕೆ ಮದ್ದು.

ಮಾಡಬಾರದ ಕೆಲಸಗಳು ಎರಡು. ಹಳೆಯ ಗ್ರಂಥಾಲಯಕ್ಕೆ ಹೊಸ ಹೆಸರಿಟ್ಟು ನಂಬಿಸಲು ಹೋಗಬೇಡಿರಿ. ರಟ್ಟು ಬದಲಿಸಿದರೆ ಒಳಗಿನ ಪುಟಗಳು ಹೆಚ್ಚುವವೆ? ಎಲ್ಲಿಂದಲೋ ತಂದ ಜಿ-ಲಿಬ್‌ಸಿಯನ್ನು ಇದ್ದುದರ ಮೇಲೆ ಹೇರಲೂ ಬೇಡಿರಿ. ಕಡತ ನಕಲಿಸುವ ಸಾಮಾನ್ಯ ಆಜ್ಞೆಗೂ ಅದೇ ಆಧಾರ. ಅದು ಕೆಟ್ಟರೆ ಸರಿಪಡಿಸುವ ಕೈಯೇ ಕಟ್ಟಿಹೋಗುತ್ತದೆ, ಗಣಕ ಮತ್ತೆ ಏಳದೆಯೂ ಇರಬಹುದು. ಅದು ಬದಲಾಗಬೇಕಾದರೆ ಇಡೀ ವ್ಯವಸ್ಥೆಯೊಡನೆಯೇ ಬದಲಾಗಬೇಕು. ಉಬುಂಟು ೨೦.೦೪ರ ಸಾಮಾನ್ಯ ಪೋಷಣೆಯ ಅವಧಿ ೨೦೨೫ರಲ್ಲಿ ಮುಗಿದಿರುವುದರಿಂದ, ಗಣಕಕ್ಕೆ ಶಕ್ತಿಯಿದ್ದರೆ ಹಾಗೆ ಮಾಡುವುದೇ ಲೇಸು.

ನಿಮ್ಮ ಮನೆಯ ಮಕ್ಕಳು ತಂತ್ರಾಂಶ ಕಟ್ಟಿ ಬೇರೆಯವರಿಗೆ ಕೊಡುವಾಗ ಒಂದು ಚೀಟಿ ಇಡಲು ಹೇಳಿರಿ: ಯಾವ ವ್ಯವಸ್ಥೆ, ಯಾವ ಕಂಪೈಲರು, ಎಷ್ಟನೆಯ ಆವೃತ್ತಿ. ಪುಸ್ತಕದ ಮೊದಲ ಪುಟದಲ್ಲಿ ಮುದ್ರಣದ ವರ್ಷವನ್ನು ಅಚ್ಚುಮಾಡುವುದೂ ಇದಕ್ಕಾಗಿಯೇ. ಆ ಮೂರು ಸಾಲಿನ ಚೀಟಿಯಿದ್ದರೆ ಗಣಕ ಗುಜರಿಗೆ ಹೋಗದು, ಹುಡುಗನ ಮುಖವೂ ಬಾಡದು.