ಉಭಯ ಕುಶಲೋಪರಿ: ರಣರಂಗದಿಂದ ಮನೆಗೆ ಬಂದ ಕಾಗದಗಳು

(ಕನ್ನಡ ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನಮ್ಮ ಹಿರಿಯರು ಕಾಗದ ಬರೆಯಲು ಕುಳಿತರೆ ಮೊದಲು ಶ್ರೀಕಾರ, ಬಳಿಕ ಸ್ಥಳ ಮತ್ತು ತಾರೀಖು, ಅನಂತರ ಆಶೀರ್ವಾದ ಅಥವಾ ನಮಸ್ಕಾರ, ಅದರ ಬೆನ್ನಿಗೆ ‘ಉಭಯ ಕುಶಲೋಪರಿ’ ಎಂಬ ಮಾತು ಬರುತ್ತಿತ್ತು. ಎರಡೂ ಕಡೆಯ ಕ್ಷೇಮಸಮಾಚಾರದ ಮೇಲೆ ಉಳಿದ ವಿಷಯ ಎಂದು ಅದರ ಭಾವ. ಪತ್ರಕ್ಕೆ ಎರಡು ಕಡೆಗಳುಂಟು ಎಂಬ ತಿಳಿವಳಿಕೆ ಆ ಪುಟ್ಟ ಮಾತಿನಲ್ಲಿ ಅಡಗಿದೆ. ಇಂದು ನಾನು ಪ್ರಸ್ತಾಪಿಸಬಯಸುವುದು ಮೊದಲನೆಯ ಮಹಾಯುದ್ಧದ ಕಾಲದ ಒಬ್ಬ ತರುಣ ಸೇನಾಧಿಕಾರಿಗೂ ಅವನ ಮನೆಯವರಿಗೂ ನಡೆದ ಪತ್ರವ್ಯವಹಾರವನ್ನು ಕುರಿತು. ಅಲ್ಲಿ ಒಂದು ಕಡೆ ಉಳಿದು ಬಂದಿದೆ. ಇನ್ನೊಂದು ಕಡೆಯನ್ನು ನಾವು ಬಹುಮಟ್ಟಿಗೆ ಊಹಿಸಿಕೊಳ್ಳಬೇಕಾಗಿದೆ.

ಆ ಅಧಿಕಾರಿ ವಿಲ್‌ಫ್ರೆಡ್ ಓವೆನ್. ನಾವು ಬಾಳುತ್ತಿರುವ ಈ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಆಸ್‌ವೆಸ್ಟ್ರಿಯಲ್ಲಿ 1893ರ ಮಾರ್ಚ್ 18ರಂದು ಹುಟ್ಟಿದವನು. ತಂದೆ ಟಾಮ್ ರೈಲ್ವೆಯಲ್ಲಿ ನೌಕರ, ತಾಯಿ ಸೂಸನ್ ದೈವಭಕ್ತೆ. ನಾಲ್ವರು ಮಕ್ಕಳಲ್ಲಿ ಇವನೇ ಹಿರಿಯ. 1915ರಲ್ಲಿ ಸೈನ್ಯಕ್ಕೆ ಸೇರಿ, ಮರುವರ್ಷ ಮ್ಯಾಂಚೆಸ್ಟರ್ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದನು. ಇಂದು ಜಗತ್ತು ಅವನನ್ನು ಯುದ್ಧದ ಕವಿಯೆಂದು ಅರಿತಿದೆ. ಆದರೆ ಅವನ ಜೀವಿತಕಾಲದಲ್ಲಿ ಅಚ್ಚಾದ ಕವಿತೆಗಳು ಬೆರಳೆಣಿಕೆಯಷ್ಟು. ಬರೆದ ಕಾಗದಗಳೋ ನೂರಾರು. 1967ರಲ್ಲಿ ಪ್ರಕಟವಾದ ಅವನ ಪತ್ರಸಂಪುಟದಲ್ಲಿ ಆರುನೂರಕ್ಕೂ ಹೆಚ್ಚು ಪತ್ರಗಳಿವೆ. ಅವುಗಳಲ್ಲಿ ಐನೂರಕ್ಕೂ ಹೆಚ್ಚು ತಾಯಿಗೆ ಬರೆದವು.

ಯುದ್ಧಭೂಮಿಯಿಂದ ಇಷ್ಟು ಕಾಗದ ಹೇಗೆ ಬಂತು ಎಂದು ನೀವು ಕೇಳಬಹುದು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಮರದಿಂದ ಕಟ್ಟಿದ ಬೃಹತ್ ಅಂಚೆಮನೆಯಲ್ಲಿ ಸೈನ್ಯಕ್ಕೆ ಹೋಗುವ ಟಪಾಲನ್ನು ವಿಂಗಡಿಸುತ್ತಿದ್ದರು. ಅಲ್ಲಿಂದ ಹೊರಟ ಕಾಗದ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಫ್ರಾನ್ಸಿನ ಕಂದಕವನ್ನು ಮುಟ್ಟುತ್ತಿತ್ತು. ಬರೆಯಲು ಬಿಡುವಿಲ್ಲದ ಸೈನಿಕನಿಗೆ ಅಚ್ಚಾದ ಕಾರ್ಡೊಂದಿತ್ತು: ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಕಾಗದ ತಲುಪಿತು ಎಂಬಂಥ ವಾಕ್ಯಗಳು. ಬೇಡದ್ದನ್ನು ಹೊಡೆದುಹಾಕಿ, ರುಜು ಮಾಡಿ, ತಾರೀಖು ಹಾಕಿದರೆ ಸಾಕು. ಅದಕ್ಕಿಂತ ಒಂದು ಮಾತು ಹೆಚ್ಚು ಬರೆದರೂ ಕಾರ್ಡನ್ನು ನಾಶಮಾಡುತ್ತಿದ್ದರು.

ಸೈನಿಕರ ಕಾಗದಗಳನ್ನು ಅವರ ಅಧಿಕಾರಿಯೇ ಓದಿ, ಗುಟ್ಟು ಹೊರಬೀಳದಂತೆ ಪರಿಶೀಲಿಸಬೇಕಾಗಿತ್ತು. ಅಧಿಕಾರಿಗಳ ಕಾಗದಗಳನ್ನು ಮಾತ್ರ ಬಹುಪಾಲು ಅವರವರ ಪ್ರಾಮಾಣಿಕತೆಗೆ ಬಿಡಲಾಗಿತ್ತು. ಓವೆನ್ನನೂ ತನ್ನ ಸೈನಿಕರ ಕಾಗದಗಳನ್ನು ಓದಿದನು. ಅದೇ ಸಮಯದಲ್ಲಿ ತನ್ನ ತಾಯಿಯೊಡನೆ ಒಂದು ಸಂಕೇತವನ್ನೂ ಏರ್ಪಡಿಸಿಕೊಂಡಿದ್ದನು. ‘ಮಿಸಲ್‌ಟೋ’ ಎಂಬ ಗಿಡದ ಹೆಸರು ಕಾಗದದಲ್ಲಿ ಬಂದರೆ, ಅದರ ಮುಂದಿನ ಮಾತುಗಳಿಂದ ಅಕ್ಷರಗಳನ್ನು ಆರಿಸಿ ಕೂಡಿಸಿದಾಗ ತಾನಿರುವ ಸ್ಥಳ ತಿಳಿಯುವಂತಹ ಉಪಾಯ. ಮಗ ಎಲ್ಲಿದ್ದಾನೆ ಎಂಬುದೊಂದನ್ನು ತಿಳಿಯದೆ ತಾಯಿಗೆ ನಿದ್ರೆ ಬಾರದು ಎಂಬುದನ್ನು ಅವನು ಬಲ್ಲವನಾಗಿದ್ದನು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದೂರದಲ್ಲಿರುವ ಮಕ್ಕಳು ಮನೆಗೆ ಬರೆಯುವಾಗ ಕಷ್ಟವನ್ನು ಮರೆಮಾಚುವುದೇ ಲೋಕರೂಢಿ. 1917ರ ಜನವರಿ 16ರ ಕಾಗದದಲ್ಲಿ ಓವೆನ್ ಈ ರೂಢಿಯನ್ನು ಮುರಿದನು. ಕಳೆದ ದಿನಗಳ ಬಗ್ಗೆ ತಾಯಿಗೆ ಸುಳ್ಳು ಹೇಳಲು ಕಾರಣವಿಲ್ಲವೆಂದು ಮೊದಲೇ ತಿಳಿಸಿ, ಎರಡು ಸೈನ್ಯಗಳ ನಡುವಿನ ಬಯಲಿನ ನೆಲಗುಹೆಯೊಂದರಲ್ಲಿ ಇಪ್ಪತ್ತೈದು ಮಂದಿಯೊಡನೆ, ಕೆಸರು ನೀರಿನಲ್ಲಿ ಕಾಲಿಟ್ಟುಕೊಂಡು, ಮೇಲೆ ಗುಂಡಿನ ಮಳೆ ಸುರಿಯುತ್ತಿರಲು ಐವತ್ತು ಗಂಟೆಗಳ ಕಾಲ ಕಳೆದ ಬಗೆಯನ್ನು ವಿವರಿಸಿದನು. ಕಾವಲಿಗೆ ನಿಂತವನೊಬ್ಬ ಕಣ್ಣು ಕಳೆದುಕೊಂಡುದನ್ನೂ ತಿಳಿಸಿದನು. ಅದನ್ನೋದಿದ ಸೂಸನ್ ಏನು ಉತ್ತರ ಬರೆದಳು? ಮಗನ ಮುಂದಿನ ಕಾಗದಗಳಲ್ಲಿನ ವಂದನೆ, ಕೋರಿಕೆ, ಸಮಾಧಾನಗಳಿಂದಲೇ ನಾವು ಅವಳ ದನಿಯನ್ನು ಹುಡುಕಬೇಕು. ತಾಯಿಗೆ ಬೀರು ಇತ್ತು, ಮನೆ ಇತ್ತು, ಕಾಗದಗಳನ್ನು ಜೋಪಾನವಾಗಿಟ್ಟಳು. ಮಗನಿಗೆ ಇದ್ದುದು ಬೆನ್ನಿನ ಮೇಲಿನ ಚೀಲ.

1917ರ ಮೇ ತಿಂಗಳಲ್ಲಿ ಅವನ ಮನಸ್ಸು ಯುದ್ಧದ ಆಘಾತಕ್ಕೆ ಸಿಕ್ಕಿತು. ಎಡಿನ್‌ಬರೋದ ಕ್ರೇಗ್‌ಲಾಕಾರ್ಟ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, 1918ರ ಆಗಸ್ಟ್ ಕೊನೆಯಲ್ಲಿ ಮತ್ತೆ ಫ್ರಾನ್ಸಿಗೆ ಹೋದನು. ಅಕ್ಟೋಬರ್ ಮೊದಲ ದಿನಗಳ ಕಾಳಗದಲ್ಲಿ ತೋರಿದ ಪರಾಕ್ರಮಕ್ಕೆ ಮಿಲಿಟರಿ ಕ್ರಾಸ್ ದೊರೆಯಿತು. ಅಕ್ಟೋಬರ್ 31ರಂದು ಓರ್ಸ್ ಗ್ರಾಮದ ಬಳಿ, ಅರಣ್ಯ ಕಾವಲುಗಾರನ ಮನೆಯ ನೆಲಮಾಳಿಗೆಯಲ್ಲಿ ಕುಳಿತು ತಾಯಿಗೆ ಕಡೆಯ ಕಾಗದ ಬರೆದನು. ಆ ಕಾಗದದಲ್ಲಿ ವೀರಾವೇಶದ ಮಾತಿಲ್ಲ. ಹೊಗೆ ತುಂಬಿದ ಕೋಣೆ, ಅಡುಗೆಯ ಸಿದ್ಧತೆ, ಜೊತೆಗಾರರ ನಗು, ಅಂಥವರ ನಡುವೆ ತಾನಿರುವ ತೃಪ್ತಿ, ಇಷ್ಟೇ. ನವೆಂಬರ್ 4ರ ಬೆಳಗಿನ ಜಾವ ಅಲ್ಲಿನ ಕಾಲುವೆಯನ್ನು ದಾಟುವ ಯತ್ನದಲ್ಲಿ ಅವನು ಹತನಾದನು. ಸಾವಿನ ತಂತಿ ಶ್ರೂಸ್‌ಬರಿಯ ಮನೆಗೆ ತಲುಪಿದ್ದು ನವೆಂಬರ್ 11ರಂದು. ಯುದ್ಧ ಮುಗಿಯಿತೆಂದು ಊರಿನ ಗಂಟೆಗಳು ಮೊಳಗುತ್ತಿದ್ದ ದಿನ.

ಆಮೇಲಿನ ಕಥೆಯೂ ಮುಖ್ಯವಾದುದೇ. ಅವನು ಮೊದಲೇ ತಿಳಿಸಿದ್ದಂತೆ ತಾಯಿ ಒಂದು ಚೀಲದ ಕಾಗದಪತ್ರಗಳನ್ನು ಸುಟ್ಟಳು. ತಮ್ಮ ಹೆರಾಲ್ಡ್ ಪತ್ರಸಂಪುಟವನ್ನು ಸಂಪಾದಿಸುವ ಮುನ್ನ ಕೆಲವು ಸಾಲುಗಳ ಮೇಲೆ ಮಸಿ ಬಳಿದನು, ಕೆಲವನ್ನು ಕತ್ತರಿಸಿದನು. ಸಮಾಧಿಯ ಕಲ್ಲಿಗಾಗಿ ತಾಯಿ ಅವನದೇ ಕವಿತೆಯ ಸಾಲುಗಳನ್ನು ಆರಿಸಿದಳು. ಸಾವನ್ನು ದೇವರು ಅಳಿಸುವನೇ ಎಂದು ಕವಿ ಸಂದೇಹದಿಂದ ಕೇಳಿದ್ದ ಕಡೆ, ಎರಡನೆಯ ಪ್ರಶ್ನಾರ್ಥಕ ಚಿಹ್ನೆ ಕಲ್ಲಿನ ಮೇಲೆ ಇಲ್ಲ. ಮಗನ ಪ್ರಶ್ನೆ ತಾಯಿಯ ನಂಬಿಕೆಯಾಯಿತು. ಸೈನ್ಯದ ಪರಿಶೀಲನೆ ಮುಗಿದ ಮೇಲೆ ಪ್ರೀತಿಯ ಪರಿಶೀಲನೆ ಆರಂಭವಾಗುತ್ತದೆ ಎಂದು ಹೇಳಬಹುದು. ಅದನ್ನು ದೂಷಿಸಲು ನನಗೆ ಮನಸ್ಸಿಲ್ಲ. ಕಾಗದಗಳನ್ನು ಉಳಿಸಿದ ಕೈಗಳೂ ಅವೇ ತಾನೇ?

ಈ ಮನೆತನದ ಒಂದು ಪತ್ರ ನಮ್ಮ ದೇಶದ ಕಡೆಗೂ ಹೊರಟಿತು. 1920ರಲ್ಲಿ ರವೀಂದ್ರನಾಥ ಠಾಕೂರರು ಲಂಡನ್ನಿಗೆ ಬಂದಿದ್ದಾಗ ಸೂಸನ್ ಅವರಿಗೆ ಬರೆದಳು. ಕಡೆಯ ಬಾರಿ ಬೀಳ್ಕೊಳ್ಳುವಾಗ ಮಗ ಗೀತಾಂಜಲಿಯ ಮಾತುಗಳನ್ನು ಆಡಿದ್ದನು. ಅವನ ಜೇಬಿನ ಪುಸ್ತಕ ಮನೆಗೆ ಮರಳಿ ಬಂದಾಗ ಅದರಲ್ಲಿ ಅದೇ ಮಾತುಗಳು ಠಾಕೂರರ ಹೆಸರಿನೊಡನೆ ಅವನ ಕೈಬರಹದಲ್ಲಿದ್ದವು. ಆ ಪದ್ಯ ಪೂರ್ತಿಯಾಗಿ ಯಾವ ಪುಸ್ತಕದಲ್ಲಿದೆ ಎಂದು ಆಕೆ ಕೇಳಿದ್ದಳು. ಮಗನ ಕಾಗದಗಳಲ್ಲಿ ಮರೆಯಾಗಿದ್ದ ತಾಯಿಯ ದನಿ ಇಲ್ಲಿ ನೇರವಾಗಿ ಕೇಳಿಸುತ್ತದೆ.

ಅದೇ ಫ್ರಾನ್ಸಿನ ನೆಲದಲ್ಲಿ ನಮ್ಮ ಭಾರತದ ಸಿಪಾಯಿಗಳೂ ಹೋರಾಡಿದ್ದರು. ಓದುಬರಹ ಬಾರದ ಅನೇಕರು ಬೇರೆಯವರ ಕೈಯಲ್ಲಿ ಕಾಗದ ಬರೆಸಿದರು. ಸರ್ಕಾರದ ಪರಿಶೀಲಕರು ಅವನ್ನೋದಿ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿ ಮಾಡಿದರು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವುದು ಆ ವರದಿಗಳು. ಓವೆನ್ನನ ಮಾತನ್ನು ತಾಯಿಯ ಬೀರು ಉಳಿಸಿತು. ನಮ್ಮವರ ಮಾತನ್ನು ಅವರ ಮೇಲೆ ಕಣ್ಣಿಟ್ಟಿದ್ದ ಕಚೇರಿ ಉಳಿಸಿತು, ಅದೂ ಪರಭಾಷೆಯಲ್ಲಿ.

ಬಂಧುಗಳೇ, ರಣರಂಗಕ್ಕೂ ನಮ್ಮ ವಲಸೆಗೂ ಹೋಲಿಕೆ ಸಲ್ಲದು. ಆದರೆ ದೂರದ ಗುಣ ಒಂದೇ. ಅಪ್ಪನಿಗೆ ಶಸ್ತ್ರಚಿಕಿತ್ಸೆಯಾಗಿದ್ದರೂ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಊರಿನಿಂದ ಬರೆದರು. ಕೆಲಸ ಹೋಗಿದ್ದರೂ ‘ಚಳಿ ಅಭ್ಯಾಸವಾಗಿದೆ’ ಎಂದು ನಾವು ಬರೆದೆವು. ಊರಿನಿಂದ ಬಂದ ಏರೋಗ್ರಾಮುಗಳು ನಮ್ಮ ಮನೆಯ ಅಟ್ಟದಲ್ಲಿವೆ. ನಾವು ಬರೆದವು ಮೈಸೂರಿನಲ್ಲೋ ಧಾರವಾಡದಲ್ಲೋ ಮಂಗಳೂರಿನಲ್ಲೋ ಅಮ್ಮನ ಟ್ರಂಕಿನಲ್ಲಿವೆ. ಹಿರಿಯರು ಹೋಗಿ ಹಳೆಯ ಮನೆ ಮಾರುವ ದಿನ ಆ ಟ್ರಂಕು ಮೊದಲು ಹೊರಗೆ ಬೀಳುತ್ತದೆ. ಇಲ್ಲಿ ಉಳಿದ ಅರ್ಧವನ್ನು ಓದಲು ನಮ್ಮ ಮಕ್ಕಳಿಗೆ ಅಜ್ಜನ ಮೋಡಿ ಕೈಬರಹ ತಿಳಿಯದು.

ಆದ್ದರಿಂದ ನನ್ನ ವಿನಂತಿ ಸರಳವಾದುದು. ಮುಂದಿನ ಬಾರಿ ಊರಿಗೆ ಹೋದಾಗ ಆ ಟ್ರಂಕನ್ನು ಕೇಳಿ ಪಡೆಯಿರಿ. ಎರಡೂ ಕಡೆಯ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಬರೆದವರು ಯಾರು, ಯಾರಿಗೆ ಎಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದಿಡಿ. ವಾರಕ್ಕೊಂದು ಕಾಗದವನ್ನು ಮಕ್ಕಳೆದುರು ಗಟ್ಟಿಯಾಗಿ ಓದಿರಿ; ಬರೆದವರು ಮುಚ್ಚಿಟ್ಟದ್ದು ನಿಮಗೆ ತಿಳಿದಿದ್ದರೆ ಅದನ್ನೂ ಹೇಳಿರಿ. ಏಕೆಂದರೆ ಆ ಸಂಗತಿ ಯಾವ ಕಾಗದದಲ್ಲೂ ಇಲ್ಲ, ನಿಮ್ಮಲ್ಲಿ ಮಾತ್ರ ಇದೆ.