ಕಾರಿನ ಹೊಗೆ, ಬಸ್ಸಿನ ಸೀಟು



ಇವತ್ತು ಕಾರಿನ ವಿಷಯ ಮಾತಾಡೋಣ. "ನಮ್ಮ ಹತ್ತಿರ ಕಾರೆಲ್ಲಿದೆ ಟೀಚರೇ?" ಅಂತ ನೀವು ನಗಬಹುದು. ನಿಜ, ನಮ್ಮಲ್ಲಿ ಹೆಚ್ಚಿನವರಿಗೆ ಕಾರಿಲ್ಲ. ಆದರೆ ಅದರ ಹೊಗೆಯಲ್ಲಿ ನಮಗೂ ಪಾಲಿದೆ.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದು ಉರಿದರೆ 2.3 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮುಕ್ಕಾಲು ಕಿಲೋ ಎರಡು ಕಿಲೋ ದಾಟುವುದು ಹೇಗೆ? ಉರಿಯುವಾಗ ಪೆಟ್ರೋಲಿನ ಇಂಗಾಲ ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ಅದಕ್ಕೇ ತೂಕ ಏರುತ್ತದೆ. ಈ ಅನಿಲ ಕಣ್ಣಿಗೆ ಕಾಣದು. ಕಂಬಳಿ ಹೊದಿಸಿದ ಹಾಗೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ.

ಬಿಸಿಯಾದ ಗಾಳಿ ಹೆಚ್ಚು ನೀರು ಹೊರುತ್ತದೆ. ಸುರಿದರೆ ಒಮ್ಮೆಲೇ ಸುರಿಯುತ್ತದೆ. 2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆತೇವೆಯೇ? ಗುಡ್ಡ ಜಾರಿತು, ಮನೆ ಹೋಯಿತು, ಜನ ಹೋದರು. ಗುಡ್ಡ ಅಗೆದದ್ದೂ ಅದಕ್ಕೆ ಕಾರಣ. ಎಲ್ಲವನ್ನೂ ಕಾರಿನ ತಲೆಗೆ ಕಟ್ಟುವುದು ಬೇಡ. ಆದರೂ ಗಾಳಿ ಬಿಸಿಯಾದಷ್ಟೂ ಅಂಥ ಮಳೆ ಹೆಚ್ಚುತ್ತದೆ. ಇತ್ತ ಕಾಫಿಗೆ ಹೂಮಳೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಫಸಲು ಕಡಿಮೆ. ಫಸಲಿಲ್ಲದಿದ್ದರೆ ಕುಯ್ಲಿನ ಕೂಲಿಯೂ ಇಲ್ಲ. ಪೆಟ್ಟು ಮೊದಲು ಬೀಳುವುದು ಲೈನ್ ಮನೆಗೆ.

ಈಗ ಒಂದು ಲೆಕ್ಕ ಮಾಡೋಣ, ಸ್ಲೇಟು ತಗೊಳ್ಳಿ. ಚೆಟ್ಟಳ್ಳಿಯಿಂದ ಮಡಿಕೇರಿ ಸಂತೆಗೆ ಹೋಗಿ ಬರಲು ಸುಮಾರು 30 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 2 ಲೀಟರ್ ಬೇಕು. ಅಂದರೆ 4.6 ಕಿಲೋ ಅನಿಲ. ಒಬ್ಬರೇ ಹೋದರೆ ಅಷ್ಟೂ ಅವರ ಲೆಕ್ಕಕ್ಕೆ. ನಾಲ್ವರು ಕೂತರೆ ತಲಾ ಒಂದು ಕಿಲೋ ಚಿಲ್ಲರೆ. ಬಸ್ಸು ಲೀಟರ್ ಡೀಸೆಲಿಗೆ 4 ಕಿಲೋಮೀಟರ್ ಓಡಿತು ಅನ್ನಿ. ಒಟ್ಟು 20 ಕಿಲೋ ಆಗುತ್ತದೆ. 40 ಜನ ಕೂತಿದ್ದರೆ ತಲಾ ಅರ್ಧ ಕಿಲೋ! ಬಸ್ಸು ಖಾಲಿ ಓಡಿದರೆ ಮಾತ್ರ ಈ ಲೆಕ್ಕ ಕೆಡುತ್ತದೆ.

ಕೊಡಗಿಗೆ ರೈಲಿಲ್ಲ. ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸಿಗೆ ಅದು ಸಲ್ಲದು. ಪುಕ್ಕಟೆ ಟಿಕೆಟ್ ಇದ್ದು ಬಸ್ಸೇ ಬರದಿದ್ದರೆ ಏನು ಬಂತು? ಸಂಜೆ ಬಸ್ಸಿಗೆ ಕಾದು ಕಾದು ನಾವೇ ಎಷ್ಟೋ ಸಲ ಜೀಪು ಹತ್ತಿದ್ದೇವೆ. ಬಸ್ಸು ನಂಬಿಕೆಯದಾದರೆ ಕಾರಿದ್ದವರೂ ಹತ್ತಿಯಾರು.

ಅದಕ್ಕೇ ಕಳೆದ ವಾರ ತರಗತಿಯಲ್ಲಿ ಬಸ್ಸಿಗಾಗಿ ಅರ್ಜಿ ಬರೆದೆವು. "ಸಂಜೆ" ಎಂಬ ಪದದ ಸೊನ್ನೆ ಬಿಟ್ಟುಹೋಗಿತ್ತು, ಒಬ್ಬಾಕೆ ಎದ್ದು ಬಂದು ಸೇರಿಸಿದಳು. ಕೆಳಗೆ ಹದಿನೇಳು ಸಹಿ. ಒಂದೂ ಹೆಬ್ಬೆಟ್ಟಿಲ್ಲ. ಗ್ರಾಮಸಭೆಯಲ್ಲಿ ಅದನ್ನು ಯಾರು ಓದಿ ಹೇಳುತ್ತೀರಿ?