ಹಾಲು ಕರೆಯುವವರೂ ಸದಸ್ಯರಾಗಲಿ



1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. 2010ರಿಂದ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಅವರದೇ. ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆ ಬಯಲಿಗೆ ಹೋಗಲಿ, ಕೆ.ಆರ್.ಪೇಟೆ, ನಾಗಮಂಗಲದ ಬೆದ್ದಲಿಗೆ ಹೋಗಲಿ, ಸ್ತ್ರೀಶಕ್ತಿ ಸಂಘಗಳ ಲೆಕ್ಕ ಬರೆಯುವವರು ಓದಿದ ಸೊಸೆಯಂದಿರು.

ನಮ್ಮ ಹಾಲಿನ ಸಂಘದಲ್ಲಿ? ನಸುಕಿಗೇ ಎದ್ದು ಹಾಲು ಕರೆದು ತರುವವಳು ಸೊಸೆ. ಷೇರು, ಪಾಸ್‌ಬುಕ್ಕು ಗಂಡನ ಹೆಸರಿಗೆ. ಹೋದ ವರ್ಷ ಒಬ್ಬ ಹೆಣ್ಣುಮಗಳು ಸದಸ್ಯತ್ವದ ಅರ್ಜಿ ತಂದಾಗ "ನಿಮ್ಮ ಯಜಮಾನ್ರು ಇದಾರಲ್ಲವ್ವ" ಅಂತ ವಾಪಸ್ ಕಳಿಸಿದೆವು. ತಪ್ಪು ನಮ್ಮದೇ. ಮಹಿಳಾ ಸಂಘದ ಸಾಲದಲ್ಲಿ ಆಕೆ ಕೊಂಡ ಹಸುವಿನ ಹಾಲು ಮಾತ್ರ ನಮಗೆ ಬೇಕಾಯಿತು!

ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಕಾಯ್ದೆಯೇ ಸ್ಥಾನ ಕೊಟ್ಟಿದೆ. ಷೇರೇ ಇಲ್ಲದವರು ಚುನಾವಣೆಗೆ ನಿಲ್ಲೋದು ಹೇಗೆ? ತಾಯಿ, ಆ ಅರ್ಜಿ ಇನ್ನೂ ಇದ್ದರೆ ತಗೊಂಡು ಬನ್ನಿ. ಮುಂದಿನ ಸಭೆಗೆ ನಾವೇ ಮಂಡಿಸುತ್ತೇವೆ.